ಹದಿನೈದಕ್ಕೆ ಮೂರು

ಪಾಠ ಮಾಡುವಾಗ ನಾನು ಒಂದು ದಿನವೂ ಕುರ್ಚಿಯಲ್ಲಿ ಕೂತವಳಲ್ಲ. ಭದ್ರಾವತಿಯ ನಮ್ಮ ಕಾಲೇಜಿನ ಹತ್ತನೇ ನಂಬರಿನ ಕೋಣೆಯಲ್ಲಿ ಕಿಟಕಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಆ ಹನ್ನೊಂದು ಹೆಜ್ಜೆಯನ್ನೇ ಅತ್ತಿಂದಿತ್ತ ತುಳಿಯುತ್ತಾ ವರ್ಷಗಟ್ಟಲೆ ಸಾಹಿತ್ಯದ ಸ್ವರೂಪ ಹೇಳಿದ್ದೇನೆ. ನಿವೃತ್ತಿಯಾಗಿ ಶಿವಮೊಗ್ಗದ ರವೀಂದ್ರನಗರದ ಮನೆ ಸೇರಿದ ಮೇಲೂ ಅದೇ ಚಾಳಿ. ಇದನ್ನು ಬರೆಯಲು ಕೂತು ಆಗಲೇ ನಾಲ್ಕು ಸಲ ಎದ್ದಿದ್ದೇನೆ. "ಕೂತ್ಕೊಂಡು ಬರಿ ಮಾರಾಯ್ತಿ, ಅದೇನು ಓಡಿಹೋಗುತ್ತಾ?" ಅಂತಾರೆ ನಮ್ಮೆಜಮಾನರು. ಓಡಿಹೋಗಿದ್ದರೆ ಚೆನ್ನಾಗಿರುತ್ತಿತ್ತು. ಹೋಗಲಿಲ್ಲ ಅಂತಲೇ ಬರೆಯುತ್ತಿದ್ದೇನೆ.

ಹೊಸದಾಗಿ ಕನ್ನಡ ಪಾಠಕ್ಕೆ ಸೇರಿಕೊಳ್ಳುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅನುಭವ ಹೇಳಿ ಮೇಡಂ ಅನ್ನುತ್ತಾರೆ. ಬಡ್ತಿ, ಸನ್ಮಾನ, ಶಾಲು, ಹಾರ ಎಲ್ಲ ಯಾರಿಗೆ ಬೇಕು? ಅದನ್ನು ಬಿಡಿ. ತಪ್ಪುಗಳನ್ನು ಹೇಳುತ್ತೇನೆ, ನಿಮಗೆ ಅದೇ ಉಪಯೋಗಕ್ಕೆ ಬರೋದು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗಕ್ಕೆ ರುದ್ರಪ್ಪ ಸರ್ ಮುಖ್ಯಸ್ಥರು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಮಾತು ಕಮ್ಮಿ. ಮೊದಲ ದಿನವೇ ಕಂದು ರಟ್ಟಿನ ಒಂದು ನೋಟ್ ಪುಸ್ತಕ ಕೈಗಿಟ್ಟು, "ಬಿ.ಎ. ಮೊದಲ ವರ್ಷ ನಿಮ್ಮದು. ಸಾಹಿತ್ಯದ ಸ್ವರೂಪ, ಪ್ರಯೋಜನ, ಪ್ರಕಾರಗಳು. ಇದನ್ನು ಬರೆಸಿಬಿಡಿ ಗಿರಿಜಮ್ಮ, ತಲೆ ಕೆಡಿಸ್ಕೋಬೇಡಿ" ಅಂದರು. ಬರೆಸುವುದು ಅಂದರೆ ನಾವು ಓದುತ್ತಾ ಹೋಗುವುದು, ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾ ಹೋಗುವುದು. ಆಗ ಪಾಠ ಅಂದರೆ ಅದೇ.

ನಾನು ಆ ಪುಸ್ತಕವನ್ನು ಒಂದು ಸಲವೂ ಮನೆಯಲ್ಲಿ ಓದದೆ ಹಾಗೇ ಕ್ಲಾಸಿಗೆ ಹೋದೆ. ಸೊಕ್ಕು, ಇನ್ನೇನು. ಬರೆಸುತ್ತಾ ಹೋದೆ. "ನಾಟಕವು ದೃಶ್ಯಕಾವ್ಯ. ಅದು ಕಣ್ಣು ಕಿವಿ ಎರಡಕ್ಕೂ ಸಲ್ಲುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿಸಿ ಹಿಂದಿನ ಬೆಂಚನ್ನು ನೋಡುವುದು. ಮಹಾಕಾವ್ಯವು ಗಾತ್ರದಲ್ಲಿ ದೊಡ್ಡದು." ಆ ನಡುವಿನ ವಾಕ್ಯ ರುದ್ರಪ್ಪ ಸರ್ ತಮಗೋಸ್ಕರ ಬರೆದುಕೊಂಡ ಸೂಚನೆ. ನಾನು ಉಸಿರು ಬಿಡದೆ ಅದನ್ನೂ ಬರೆಸಿದೆ, ಅರವತ್ತು ಮಕ್ಕಳೂ ಬರೆದುಕೊಂಡರು. ಒಬ್ಬರೂ ತಲೆ ಎತ್ತಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ನಾಟಕದ ಪ್ರಶ್ನೆಗೆ ಬಹಳಷ್ಟು ಜನ ಹಿಂದಿನ ಬೆಂಚನ್ನು ನೋಡುವುದು ಅಂತ ಬರೆದುಬಂದರು. ಅದಕ್ಕೂ ಅಂಕ ಬಿದ್ದಿತ್ತು. ತಿದ್ದಿದವರೂ ತಲೆ ಎತ್ತಿರಲಿಲ್ಲ ಅಂತ ಕಾಣುತ್ತದೆ.

ಆಮೇಲೆ ನಾಚಿಕೆಯಾಗಿ ಒಂದು ವರ್ಷ ಬೇರೆ ಥರ ಮಾಡಿ ನೋಡಿದೆ. "ನಿಮ್ಮ ಮನೆಯಲ್ಲಿ ಸಾಹಿತ್ಯ ಅನ್ನಿಸಿದ್ದು ಏನಿದೆಯೋ ತಗೊಂಡು ಬನ್ನಿ, ಯಾವ ಪ್ರಕಾರ ಅಂತ ಇಲ್ಲೇ ಕೂತು ನೋಡೋಣ" ಅಂದೆ. ಒಬ್ಬ ಮದುವೆ ಕಾಗದ ತಂದ. ಒಬ್ಬಳು ಅಕ್ಕ ತವರಿಗೆ ಬರೆದ ಇನ್‌ಲ್ಯಾಂಡ್ ಲೆಟರ್ ತಂದಳು. ಇನ್ನೊಬ್ಬ ಏನೂ ತರದೆ, ನಮ್ಮಮ್ಮ ಅಕ್ಕಿ ಆರಿಸ್ತಾ ಹೇಳೋ ಹಾಡಿದೆ, ಅದನ್ನ ಹ್ಯಾಗೆ ತರಲಿ ಅಂದ. ಎರಡು ವಾರ ನಮ್ಮ ಕ್ಲಾಸಿನಲ್ಲಿ ಜಗಳವೋ ಜಗಳ. ಕಾಗದ ಸಾಹಿತ್ಯವೋ ಅಲ್ಲವೋ, ಹಾಡಿಗೆ ಬರೆದವರು ಇಲ್ಲದಿದ್ದರೆ ಅದು ಯಾರದ್ದು, ಅತ್ತರೆ ಮಾತ್ರ ಕಾವ್ಯವೋ ಅಂತೆಲ್ಲ. ಬಾಗಿಲಲ್ಲಿ ನಿಂತು ನೋಡಿದ ರುದ್ರಪ್ಪ ಸರ್, "ಏನಮ್ಮ ಇದು, ಗುಜರಿ ಅಂಗಡಿ ಇಟ್ಟಂಗಿದೆ" ಅಂತ ಹೇಳಿ ಹೋದರು. ಟೆಸ್ಟ್ ಬಂತು, ಆ ಬ್ಯಾಚು ಮಕಾಡೆ ಮಲಗಿತು. ನನ್ನ ಧೈರ್ಯವೂ ಮಲಗಿತು. ಮತ್ತೆ ಬರೆಸುವುದಕ್ಕೇ ಬಂದೆ.

ಬರೆಸುವುದೇ ಆದರೆ ಚೆನ್ನಾಗಿ ಬರೆಸೋಣ ಅಂತ ಹಟಕ್ಕೆ ಬಿದ್ದೆ. ಒಂದು ಬೇಸಿಗೆ ರಜ ಪೂರ್ತಿ ಶಂಕರಘಟ್ಟದ ಬಸ್ಸು ಹತ್ತಿ ಯೂನಿವರ್ಸಿಟಿ ಲೈಬ್ರರಿಗೆ ಹೋಗಿ ಕೂತು ನನ್ನದೇ ನೋಟ್ಸು ಮಾಡಿದೆ. ಸಾಹಿತ್ಯದ ಸ್ವರೂಪಕ್ಕೆ ಎಂಟು ಪಾಯಿಂಟು, ಪ್ರಯೋಜನಕ್ಕೆ ಹನ್ನೆರಡು. ಒಂದೊಂದಕ್ಕೂ ಅಡಿಗೆರೆ. ಆನಂದ, ತಿಳಿವಳಿಕೆ, ಲೋಕಾನುಭವ, ಮನಸ್ಸಿನ ಶುದ್ಧಿ ಅಂತ ಸಾಲಾಗಿ. ಅಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಗಳು ಬಂದಿದ್ದವು. ಯಾವ ಪುಣ್ಯಾತ್ಮ ಮೊದಲು ಜೆರಾಕ್ಸ್ ಮಾಡಿಸಿದನೋ, ಎರಡೇ ವರ್ಷದಲ್ಲಿ 'ಗಿರಿಜಾ ಮೇಡಂ ನೋಟ್ಸು' ಶಿವಮೊಗ್ಗದ ಕಾಲೇಜುಗಳಿಗೂ ಹೋಯಿತು. ಬಸ್ಸಿನಲ್ಲಿ ಗುರುತಿಲ್ಲದ ಹುಡುಗಿಯರು ಅದನ್ನು ತೊಡೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಗುನುಗುತ್ತಿದ್ದರು. ಪಕ್ಕದಲ್ಲಿ ನಿಂತು ಜಂಬ ಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಈಗ ಆ ವರ್ಷದ ಮೌಲ್ಯಮಾಪನಕ್ಕೆ ಬರುತ್ತೇನೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಶಿವಮೊಗ್ಗದಲ್ಲಿ ಒಂದು ದೊಡ್ಡ ಹಾಲ್, ಸಾಲು ಸಾಲು ಟೇಬಲ್ಲು, ಮೇಲೆ ಗರಗರ ಅನ್ನುವ ಫ್ಯಾನು. ಉತ್ತರ ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಕೋಡ್ ನಂಬರು ಮಾತ್ರ. ಯಾವ ಪ್ರಶ್ನೆಗೆ ಯಾವ ಪಾಯಿಂಟು ಇದ್ದರೆ ಎಷ್ಟು ಅಂಕ ಅಂತ ಒಂದು ಹಾಳೆ ಕೊಟ್ಟಿರುತ್ತಾರೆ, ಅದಕ್ಕೆ ಸ್ಕೀಮ್ ಅನ್ನುತ್ತೇವೆ. ಆ ಸಲದ ಸ್ಕೀಮಿನಲ್ಲಿ ಸಾಹಿತ್ಯದ ಪ್ರಯೋಜನದ ಪ್ರಶ್ನೆಗೆ ಹದಿನೈದು ಅಂಕ, ಪಾಯಿಂಟುಗಳು ಹೆಚ್ಚುಕಮ್ಮಿ ನನ್ನವೇ. ಬಂಡಲ್ ಬಿಚ್ಚಿದರೆ ಸಾಲು ಸಾಲಾಗಿ ನನ್ನದೇ ವಾಕ್ಯಗಳು. ಪಕ್ಕದಲ್ಲಿದ್ದ ಗೆಳತಿ ನಾಗರತ್ನ, "ನಿಮ್ಮದನ್ನ ನೀವೇ ತಿದ್ದಿ ನೀವೇ ಮಾರ್ಕ್ಸ್ ಹಾಕ್ಕೊಳ್ತಿದೀರಲ್ರೀ, ಎಂಥ ಅದೃಷ್ಟ" ಅಂತ ಕಿಚಾಯಿಸಿದಳು. ಹನ್ನೆರಡು, ಹದಿಮೂರು, ಹನ್ನೆರಡು ಅಂತ ಹಾಕುತ್ತಾ ಹೋದೆ. ಮಧ್ಯಾಹ್ನದ ಊಟದ ಮೇಲೆ ಒಂದು ಪತ್ರಿಕೆ ಬಂತು.

ಅದರಲ್ಲಿ ಪಾಯಿಂಟೇ ಇರಲಿಲ್ಲ. ಐದು ಹಾಳೆ, ಹುಡುಗಿಯದೇ ಅನ್ನಿಸುವ ದುಂಡು ಅಕ್ಷರ. ನನಗೆ ನೆನಪಿರುವಂತೆ ಹೀಗಿತ್ತು: "ನಮ್ಮ ಪಾಟಿಗೆ ಓದಲು ಬರುವುದಿಲ್ಲ. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ನಾವು ನ್ಯೂ ಟೌನ್‌ನಲ್ಲಿ ಇರುತ್ತೇವೆ. ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಪಾಟಿ ಅಳಲಿಲ್ಲ. ಬಂದವರಿಗೆ ಕಾಫಿ ಮಾಡಿಕೊಡುತ್ತಿದ್ದರು. ಎಲ್ಲರೂ ಕಲ್ಲು ಮನಸ್ಸಿನವಳು ಎಂದರು. ಎರಡು ವರ್ಷವಾದ ಮೇಲೆ ನಾನು ಲೈಬ್ರರಿಯಿಂದ ತಂದ ಒಂದು ಕಾದಂಬರಿ ಪಾಟಿಗೆ ಓದಿ ಹೇಳುತ್ತಿದ್ದೆ. ಅದರಲ್ಲಿ ಒಬ್ಬ ಹುಡುಗ ಕೆರೆಗೆ ಬಿದ್ದು ಸಾಯುತ್ತಾನೆ. ಪಾಟಿ ಅವನಿಗೋಸ್ಕರ ಮೂರು ದಿನ ಅತ್ತರು. ಇದು ಸುಳ್ಳು ಕಥೆ ಪಾಟಿ ಎಂದೆ. ಸುಳ್ಳು ಅಂತಲೇ ಅಳ್ತಾ ಇದೀನಿ, ನಿಜ ಆಗಿದ್ರೆ ಮಾಡೋಕೆ ಕೆಲಸ ಇರ್ತಿತ್ತು ಎಂದರು."

ನಾನು ಓದುತ್ತಾ ಎದ್ದು ನಿಂತಿದ್ದೆ. ನಾಗರತ್ನ ಸೆರಗು ಜಗ್ಗಿ ಕೂರಿಸಿದಳು. ಉತ್ತರ ಇನ್ನೂ ಇತ್ತು. ಆ ಕಾದಂಬರಿ ಮುಗಿದ ಮೇಲೆ ಪಾಟಿ ಸತ್ತ ಮಗನ ಸುದ್ದಿ ಬಾಯಿಬಿಟ್ಟು ಮಾತಾಡತೊಡಗಿದ್ದು, ದಿನಾ ಸಂಜೆ ಸ್ನಾನ ಮಾಡಿ ಬಂದು "ಓದು" ಅಂತ ಕೂರುವುದು, ಕೆಟ್ಟವನ ಪಾತ್ರ ಬಂದರೆ ಅವನಿಗೆ ತಮಿಳಿನಲ್ಲಿ ಬೈಯುವುದು. ಕೊನೆಗೆ ಎರಡು ಸಾಲು. "ಸಾಹಿತ್ಯದ ಪ್ರಯೋಜನ ಇದು ಎಂದು ನನಗೆ ಅನ್ನಿಸುತ್ತದೆ. ಬೇರೆ ಪ್ರಯೋಜನಗಳು ನೋಟ್ಸಿನಲ್ಲಿವೆ."

ಇಷ್ಟು ಬರೆಯುವುದರಲ್ಲೇ ಅವಳ ಹೊತ್ತು ಕಳೆದುಹೋಗಿತ್ತು. ಮುಂದಿನ ಪ್ರಶ್ನೆಗಳೆಲ್ಲ ಅರ್ಧಂಬರ್ಧ, ಕೊನೆಯದ್ದಕ್ಕೆ ಬರೀ ನಂಬರು ಹಾಕಿ ಬಿಟ್ಟಿದ್ದಳು. ಅವೆಲ್ಲ ಕೂಡಿಸಿದರೆ ಇಪ್ಪತ್ತೊಂಬತ್ತು ಆಗುತ್ತಿತ್ತು. ಪಾಸಾಗಲು ಮೂವತ್ತೈದು. ಅಂದರೆ ಈ ಉತ್ತರಕ್ಕೆ ನಾನು ಆರು ಹಾಕಿದರೆ ಅವಳು ಪಾರು.

ಪತ್ರಿಕೆ ತೆಗೆದುಕೊಂಡು ನಮ್ಮ ಟೇಬಲ್ಲಿನ ಮುಖ್ಯಸ್ಥರಾಗಿದ್ದ ರುದ್ರಪ್ಪ ಸರ್ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಐದೂ ಹಾಳೆ ಓದಿದರು. ಸ್ಕೀಮಿನ ಪ್ರಕಾರ ಸೊನ್ನೆ ಅಂತ ಅವರು ಹೇಳಲಿ, ನನ್ನ ಕೈ ತೊಳೆದುಕೊಳ್ಳೋಣ ಅಂತ ನನ್ನ ಲೆಕ್ಕಾಚಾರ. ಅವರು ಹಾಳೆ ಮಡಚಿ ವಾಪಸ್ ಕೊಟ್ಟರು. "ನಿಮ್ಮ ವಿವೇಚನೆ ಗಿರಿಜಮ್ಮ. ನಾನು ಅಡ್ಡ ಬರಲ್ಲ."

ಐದು ಗಂಟೆಗೆ ಬಂಡಲ್ ಕಟ್ಟಬೇಕು. ಅಲ್ಲಿವರೆಗೂ ಕೆಂಪು ಪೆನ್ನು ಕೈಯಲ್ಲಿ ಹಿಡಿದು ಹಾಲ್‌ನಲ್ಲಿ ಓಡಾಡಿದೆ. ನೀರು ಕುಡಿದೆ. ಇನ್ನೊಂದು ಸಲ ಓದಿದೆ. ಕೂತು ಮೂರು ಅಂತ ಬರೆದೆ. ಕೂಡಿಸಿದರೆ ಮೂವತ್ತೆರಡು.

ಯಾಕೆ ಅಂತ ಕೇಳಿದರೆ ಆಗ ನಾಗರತ್ನಳಿಗೆ ಹೇಳಿದ್ದು, ಎಲ್ಲರಿಗೂ ಒಂದೇ ಅಳತೆ ಇರಬೇಕು, ಪಾಯಿಂಟು ಬರೆದ ಮಕ್ಕಳಿಗೆ ಅನ್ಯಾಯ ಆಗಬಾರದು ಅಂತ. ಸುಳ್ಳು. ಆ ಕೊನೆಯ ಸಾಲಿಗೆ ನನ್ನ ಮೈ ಉರಿದಿತ್ತು. ಒಂದು ಬೇಸಿಗೆ ಪೂರ್ತಿ ಕೂತು ಮಾಡಿದ ನನ್ನ ಹನ್ನೆರಡು ಪಾಯಿಂಟನ್ನು ಈ ಹುಡುಗಿ 'ಬೇರೆ ಪ್ರಯೋಜನಗಳು' ಅಂತ ಕಾಲಲ್ಲಿ ಸರಿಸಿದ ಹಾಗಿತ್ತು. ಅವಳಿಗೆ ಹಾಗೆ ಅನ್ನುವ ಉದ್ದೇಶವೇ ಇರಲಿಲ್ಲ ಅಂತ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಮೂರು ಹಾಕಿದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಮಾಡಿದ ಅತಿ ಸಣ್ಣತನದ ಕೆಲಸ ಅದು.

ಯಾರ ಪತ್ರಿಕೆ ಅನ್ನುವುದೂ ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ನಮ್ಮ ಕಾಲೇಜಿನದು ನಮಗೇ ಬರಬಾರದು, ಅವತ್ತು ಹೇಗೋ ಬಂದಿತ್ತು. ಫಲಿತಾಂಶದ ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು. ಆ ಪೇಪರಿನಲ್ಲಿ ನಮ್ಮ ಕ್ಲಾಸಿನಲ್ಲಿ ಹೋದವರು ಇಬ್ಬರೇ, ಅದರಲ್ಲೊಬ್ಬಳು ಸೆಲ್ವಿ. ಮೂರನೇ ಬೆಂಚಿನ ಸೆಲ್ವಿ, ಮನೆಯಲ್ಲಿ ತಮಿಳು ಮಾತಾಡಿ ಕ್ಲಾಸಿನಲ್ಲಿ ನಮಗಿಂತ ಸ್ವಚ್ಛ ಕನ್ನಡ ಬರೆಯುವ ಹುಡುಗಿ. ಕನ್ನಡ ಟೀಚರ್ ಆಗ್ತೀನಿ ಅಂತ ಮೊದಲ ದಿನವೇ ಹೇಳಿದ್ದಳು. ಒಂದು ವಾರ ಕಾದೆ, ಅವಳು ಕಾಲೇಜಿಗೆ ಬರಲಿಲ್ಲ. ಅವಳ ಗೆಳತಿಯನ್ನು ಕೇಳಿದೆ. "ಇನ್ನು ಬರಲ್ಲ ಮೇಡಂ. ಒಂದು ಸಬ್ಜೆಕ್ಟ್ ಹೋದ್ರೂ ಓದು ಬಂದ್ ಅಂತ ಅವರಪ್ಪ ಮೊದಲೇ ಹೇಳಿದ್ರು."

ಅವತ್ತು ಕ್ಲಾಸಿನಲ್ಲಿ ಏನು ಬರೆಸಿದೆನೋ ದೇವರಿಗೇ ಗೊತ್ತು. ಬೆಲ್ಲು ಹೊಡೆದದ್ದೇ ಆಟೋ ಹಿಡಿದು ನ್ಯೂ ಟೌನಿಗೆ ಹೋದೆ.

ಸಾಲು ಕ್ವಾರ್ಟರ್ಸಿನಲ್ಲಿ ಕೊನೆಯ ಮನೆ. ಅವಳ ಅಪ್ಪ ಮುರುಗೇಶ್ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದಿದ್ದರು. ನಾನು ಬಾಗಿಲಲ್ಲಿ ಕಂಡದ್ದೇ ಗಡಬಡಿಸಿ ಟವೆಲ್ ಹೊದ್ದುಕೊಂಡು, "ಬನ್ನಿ ಮೇಡಂ, ಕೂತ್ಕೊಳ್ಳಿ" ಅಂತ ಕುರ್ಚಿ ಒರೆಸಿದರು. ಒಳಗಿಂದ ಬೆಳ್ಳಿಕೂದಲಿನ, ಗಿಡ್ಡ ಮೈಕಟ್ಟಿನ ಮುದುಕಿ ಕಾಫಿ ತಂದರು. ಲೋಟ ತೆಗೆದುಕೊಂಡೆ. ಈಕೆಯನ್ನು ನಾನು ಐದು ಹಾಳೆಯಷ್ಟು ಬಲ್ಲೆ, ಈಕೆಗೆ ನಾನು ಯಾರೋ.

"ಸೇಲಂ ಕಡೆ ಒಂದು ಸಂಬಂಧ ಬಂದಿದೆ ಮೇಡಂ" ಅಂದರು ಮುರುಗೇಶ್. "ಪಾಸಾಗ್ತಾ ಹೋದ್ರೆ ಓದಿಸ್ತೀನಿ ಅಂತ ಹೇಳಿದ್ದೆ. ಫೇಲಾದ್ರೆ ಇಲ್ಲ ಅಂತಾನೂ ಹೇಳಿದ್ದೆ. ಅದೂ ಕನ್ನಡದಲ್ಲೇ ಫೇಲು. ಕನ್ನಡ ಟೀಚರ್ ಆಗ್ತೀನಿ ಅಂತಾಳೆ, ನೋಡಿ."

ಸೆಲ್ವಿ ಅಡುಗೆಮನೆ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. ಹೇಳಿಬಿಡು ಗಿರಿಜಾ, ತಪ್ಪು ಅವಳದ್ದಲ್ಲ ನನ್ನದು ಅನ್ನು ಅಂತ ಒಳಗೆ ಯಾರೋ ತಿವಿಯುತ್ತಿದ್ದರು. ತಿದ್ದಿದವರು ಯಾರು ಅಂತ ಹೇಳುವ ಹಾಗಿಲ್ಲ, ಅದು ನಿಯಮ. ಆ ನಿಯಮ ಅವತ್ತು ನನಗೆ ಎಷ್ಟು ಅನುಕೂಲವಾಯಿತು ಗೊತ್ತಾ?

"ಅಕ್ಟೋಬರಲ್ಲಿ ಇನ್ನೊಂದು ಪರೀಕ್ಷೆ ಇದೆ" ಅಂದೆ. "ಒಂದೇ ಒಂದು ಸಲ ಬಿಡಿ. ನಾನು ಖುದ್ದು ನಿಂತು ತಯಾರಿ ಮಾಡಿಸ್ತೀನಿ. ಪಾಸಾಗಲಿಲ್ಲ ಅಂದ್ರೆ ಆಮೇಲೆ ನಿಮ್ಮಿಷ್ಟ, ನಾನು ಈ ಕಡೆ ತಲೆ ಹಾಕಲ್ಲ."

ಮುರುಗೇಶ್ ತಾಯಿಯ ಮುಖ ನೋಡಿದರು. ಮುದುಕಿ ತಮಿಳಿನಲ್ಲಿ ಏನೋ ಅಂದರು. "ಸರಿ ಮೇಡಂ" ಅಂದರು ಅವರು, "ನೀವು ಮನೆವರೆಗೂ ಬಂದಿದೀರಿ. ಒಂದು ಸಲ."

ಮಾರನೆ ದಿನದಿಂದ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸೆಲ್ವಿಯನ್ನು ವಿಭಾಗದ ಕೋಣೆಯಲ್ಲಿ ಕೂರಿಸಿಕೊಂಡೆ. ನಾನು ಏನು ಹೇಳಿಕೊಟ್ಟೆ ಅಂತೀರಿ? ಅದೇ ಹನ್ನೆರಡು ಪಾಯಿಂಟು. ಇನ್ನೇನು ಮಾಡಲಿ, ಎರಡನೇ ಸಲ ಯಾರ ಕೈಗೆ ಪತ್ರಿಕೆ ಹೋಗುತ್ತದೋ, ಅಲ್ಲಿ ಇನ್ನೊಬ್ಬಳು ನನ್ನಂಥವಳೇ ಕೂತಿರುತ್ತಾಳೋ ಅಂತ ಭಯ. "ನೋಡು, ಪ್ರಯೋಜನ ಅಂತ ಬಂದ್ರೆ ಆನಂದ ಅಂತ ಶುರು ಮಾಡು, ಅಡಿಗೆರೆ ಎಳಿ. ನಿನ್ನ ಸ್ವಂತದ್ದು ಏನೂ ಬರೀಬೇಡ. ಮನೆ ಸುದ್ದಿ, ಅಜ್ಜಿ ಸುದ್ದಿ ಯಾವುದೂ ಬೇಡ."

ಅವಳು ಮುಖ ಎತ್ತಿ ನೋಡಿದಳು. ಅಜ್ಜಿ ಸುದ್ದಿ ಬರೆದದ್ದು ಮೇಡಂಗೆ ಹೇಗೆ ಗೊತ್ತು ಅಂತ ಕೇಳಬಹುದಿತ್ತು. ಕೇಳಲಿಲ್ಲ. "ಸರಿ ಮೇಡಂ" ಅಂದಳು. ಬುದ್ಧಿವಂತೆ, ಮೂರು ವಾರಕ್ಕೆ ಅಷ್ಟೂ ಬಾಯಿಪಾಠ. ಅವಳು ಕಣ್ಣು ಮುಚ್ಚಿ ಒಪ್ಪಿಸುವಾಗ ನಾನು ಕೋಣೆ ತುಂಬ ಓಡಾಡುತ್ತಿದ್ದೆ. ನನ್ನ ವಾಕ್ಯಗಳು ಆ ಬಾಯಿಂದ ಬರುವುದು ಕೇಳಲಾರದೆ ಕಿಟಕಿಯ ಆಚೆ ನೋಡುತ್ತಿದ್ದೆ.

ಅಕ್ಟೋಬರ್ ಪರೀಕ್ಷೆಯ ಮೌಲ್ಯಮಾಪನಕ್ಕೆ ನಾನು ಹೋಗಲಿಲ್ಲ, ಮೈ ಹುಷಾರಿಲ್ಲ ಅಂತ ಬರೆದುಕೊಟ್ಟೆ. ಫಲಿತಾಂಶ ಬಂದ ದಿನ ಸೆಲ್ವಿ ಓಡಿಬಂದಳು. ಅರವತ್ತೆಂಟು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದು ನಿಂತು, ಸಂತೋಷದಿಂದ ಹೇಳಿದಳು: "ನೀವು ಹೇಳಿದಂಗೇ ಮಾಡ್ದೆ ಮೇಡಂ. ನನ್ನ ಸ್ವಂತದ್ದು ಒಂದು ಮಾತೂ ಬರೀಲಿಲ್ಲ."

ನನಗೆ ತಡೆಯಲಿಕ್ಕೆ ಆಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ಹೇಳಿಬಿಟ್ಟೆ. "ಸೆಲ್ವಿ, ಹೋದ ಸಲ ನಿನ್ನ ಪತ್ರಿಕೆ ತಿದ್ದಿದ್ದು ನಾನೇ. ಆ ಮೂರು ಅಂಕ ಹಾಕಿದ್ದು ನಾನು."

ಅವಳು ಕೇಳಿದ್ದು ಇಷ್ಟೇ: "ಪೂರ್ತಿ ಓದಿದ್ರಾ ಮೇಡಂ?"

"ಓದ್ದೆ. ಎರಡು ಸಲ."

"ಚೆನ್ನಾಗಿರ್ಲಿಲ್ವಾ?"

"ನಾನು ಓದಿದ ಉತ್ತರಗಳಲ್ಲೇ ಅಷ್ಟು ಚೆನ್ನಾಗಿದ್ದದ್ದು ಇನ್ನೊಂದಿಲ್ಲ."

ಅವಳು ಬೆಂಚಿನ ಮೇಲೆ ಕೂತಳು. ನನ್ನ ಮೇಲೆ ಸಿಟ್ಟಾಗಲಿ, ಬೈಯಲಿ ಅಂತ ಕಾದೆ. ಅವಳು ದುಪಟ್ಟಾದ ಅಂಚು ಸುತ್ತುತ್ತಾ, "ನಾನು ಪಾಟಿಗೆ ಹೇಳ್ಬಿಟ್ಟಿದೀನಿ ಮೇಡಂ" ಅಂದಳು. "ಫೇಲಾದಾಗ ಸಿಟ್ಟಲ್ಲಿ, ನಿನ್ನ ವಿಷಯ ಬರೆದಿದ್ದಕ್ಕೇ ಫೇಲಾಗಿದ್ದು, ನಿನ್ನಿಂದಾನೇ ಅಂತ ಅಂದ್ಬಿಟ್ಟೆ. ಅವತ್ತಿಂದ ಪಾಟಿ ಓದು ಅಂತ ಕೇಳೋದೇ ಬಿಟ್ರು. ಸಂಜೆ ಹೊತ್ತು ನಾನು ಪುಸ್ತಕ ತೆಗೆದ್ರೆ ಎದ್ದು ಹೊರಗೆ ಹೋಗ್ತಾರೆ."

ಆ ಭಾನುವಾರ ನಾನೇ ಒಂದು ದಪ್ಪ ಕಾದಂಬರಿ ಹಿಡಿದು ನ್ಯೂ ಟೌನಿಗೆ ಹೋದೆ. ಪಾಟಿ ಮೆಟ್ಟಿಲ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲೇ ಕೂತೆ. "ಅಜ್ಜಿ, ಹುಡುಗಿ ಬರೆದಿದ್ದು ಸರಿ ಇತ್ತು. ನಿಮ್ಮ ವಿಷಯ ಬರೆದಿದ್ದಕ್ಕೆ ಅವಳು ಫೇಲಾಗಿದ್ದಲ್ಲ. ನಂಬರು ಹಾಕಿದ ಟೀಚರಮ್ಮ ನಾನೇ, ನಾನೇ ತಪ್ಪು ಮಾಡಿದ್ದು. ಈಗ ಅವಳು ಪಾಸಾಗಿದ್ದಾಳೆ. ಇಗೋ ಪುಸ್ತಕ ತಂದಿದೀನಿ, ನಾನೇ ಓದ್ತೀನಿ ಕೇಳಿ."

ಪಾಟಿ ನನ್ನ ಮುಖ ನೋಡಿದರು. ಕೈಯೊರೆಸಿಕೊಂಡು ಪುಸ್ತಕ ಇಸಕೊಂಡು, ರಟ್ಟಿನ ಮೇಲೆ ಒಂದು ಸಲ ಕೈ ಆಡಿಸಿ, ನನ್ನ ಮಡಿಲಿಗೇ ವಾಪಸ್ ಇಟ್ಟರು.

"ಬೇಡಮ್ಮ" ಅಂದರು. "ಹುಡುಗಿಗೆ ಇನ್ನೂ ಎರಡು ವರ್ಷ ಪರೀಕ್ಷೆ ಇದೆಯಂತಲ್ಲ. ಅದು ಮುಗೀಲಿ."